ಅಮಾನತ್ ಎಂಬ ಮಾತು ಅಮಾನತಾದ ಕಥೆ

ನಾವು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆ ಸೇರಿದವರು. ಎರಡು ಭಾಷೆಗಳ ಅಂಗಳದಲ್ಲಿ ಆಡಿ ಬೆಳೆದವರಿಗೆ ಕೆಲವು ಪದಗಳು ಆ ಮನೆಯಲ್ಲೊಂದು ವೇಷ, ಈ ಮನೆಯಲ್ಲೊಂದು ವೇಷ ಹಾಕಿಕೊಂಡು ಎದುರಾಗುತ್ತವೆ. ನಮ್ಮನ್ನು ಮೊದಲು ತಬ್ಬಿಬ್ಬು ಮಾಡಿದ ಪದ 'ಅಮಾನತ್'. ಉರ್ದು ಮೇಷ್ಟ್ರು ಹೇಳಿಕೊಟ್ಟ ಪ್ರಕಾರ, ಇನ್ನೊಬ್ಬರು ನಂಬಿ ನಿಮ್ಮ ಕೈಯಲ್ಲಿಟ್ಟ ವಸ್ತು ಅಮಾನತ್. ಅದನ್ನು ಇಟ್ಟ ಹಾಗೆಯೇ ಹಿಂದಿರುಗಿಸಬೇಕು. ಪ್ರವಾದಿಯವರು ಮಕ್ಕಾ ಬಿಟ್ಟು ಹೊರಡುವಾಗ ತಮ್ಮ ಬಳಿ ಜನ ಇಟ್ಟಿದ್ದ ಅಮಾನತ್ತುಗಳನ್ನು ಅವರವರಿಗೆ ಮುಟ್ಟಿಸಲೆಂದು ಹಜ್ರತ್ ಅಲಿಯವರನ್ನು ಹಿಂದೆ ಬಿಟ್ಟು ಹೋದ ಪ್ರಸಂಗವನ್ನು ಆ ಮೇಷ್ಟ್ರು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಊರು ಬಿಡಿಸಲು ಹೊರಟವರೇ ತಮ್ಮ ಒಡವೆ ಇಡಲು ಹುಡುಕಿದ್ದು ಆ ಮನೆಯನ್ನು ಎಂಬುದು ಚಿಕ್ಕವರಾದ ನಮಗೆ ಬಹಳ ಸೋಜಿಗದ ಸಂಗತಿಯಾಗಿತ್ತು.

ಮುಂದೆ ಕನ್ನಡ ಶಾಲೆಯಲ್ಲಿ ಒಂದು ಬೆಳಿಗ್ಗೆ ಪತ್ರಿಕೆಯ ತಲೆಬರಹ ಓದುವ ಸರದಿ ನಮ್ಮದಾಯಿತು. 'ತಹಶೀಲ್ದಾರ್ ಅಮಾನತು' ಎಂದಿತ್ತು. ತಹಶೀಲ್ದಾರರನ್ನು ಯಾರೋ ಯಾರ ಬಳಿಯೋ ಜೋಪಾನಕ್ಕೆ ಇಟ್ಟಿದ್ದಾರೆ ಎಂದು ನಾವು ಅರ್ಥ ಹೇಳಿದೆವು. ತರಗತಿಯೆಲ್ಲ ನಕ್ಕಿತು. ಕನ್ನಡ ಮೇಷ್ಟ್ರು ಮಾತ್ರ ನಗದೆ, "ಲಂಚ ತಿಂದು ಸಿಕ್ಕಿಬಿದ್ದಿದ್ದಾನಪ್ಪ, ಕೆಲಸದಿಂದ ತೆಗೆದು ಪಕ್ಕಕ್ಕೆ ಇಟ್ಟಿದ್ದಾರೆ. ಇಟ್ಟಿರೋದು ನಿಜ, ನಂಬಿ ಅಲ್ಲ, ಅಷ್ಟೇ" ಎಂದರು.

ಅಮೀನ್ ಎಂದರೆ ನಂಬಿಕಸ್ಥ. ಕನ್ನಡ ನಾಡಿನ ಹಳ್ಳಿಗಳಿಗೆ ಅಮೀನ ಬಂದನೆಂದರೆ ಕೋರ್ಟಿನಿಂದ ಜಪ್ತಿ ಬಂತೆಂದೇ ಅರ್ಥ. ಪಾತ್ರೆ ಪಗಡಿ ಬಚ್ಚಿಡುತ್ತಿದ್ದರು. ಹವಾಲೆ ಎಂದರೆ ಒಬ್ಬರ ಸುಪರ್ದಿಗೆ ಒಪ್ಪಿಸುವುದು. ಇವತ್ತು ಹವಾಲಾ ಎಂದರೆ ಪೊಲೀಸ್ ಠಾಣೆಯ ಮಾತು. ನಂಬಿಕೆಗೆಂದೇ ಹುಟ್ಟಿದ ಪದಗಳು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಹೀಗೆ ಮುಖ ಬದಲಿಸಿಕೊಂಡುಬಿಟ್ಟಿವೆ.

'ಈಗ ಯಾರನ್ನೂ ನಂಬೋ ಹಾಗಿಲ್ಲ' ಎಂಬ ಮಾತನ್ನು ನಾವು ಬಸ್ ನಿಲ್ದಾಣದಲ್ಲಿ ಕೇಳುತ್ತೇವೆ, ಮದುವೆ ಮನೆಯಲ್ಲಿ ಕೇಳುತ್ತೇವೆ, ಜನಾಜದ ಜೊತೆ ನಡೆಯುವಾಗಲೂ ಕೇಳುತ್ತೇವೆ. ನಾವೂ ಆಡಿದ್ದೇವೆ. ಆದರೆ ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಈ ನಾಡಿನ ಸಾಮಾನ್ಯ ಜನ ತಮ್ಮ ದುಡಿಮೆಯ ಹಣವನ್ನು ಯಾರ ಕೈಯಲ್ಲಿಟ್ಟರು, ಯಾಕೆ ಇಟ್ಟರು ಎಂಬುದನ್ನು ನೋಡುತ್ತ ಹೋದರೆ ಆ ಮಾತು ಪೂರ್ತಿ ನಿಜವಲ್ಲ ಎನಿಸುತ್ತದೆ. ನಂಬುವವರು ಇವತ್ತೂ ಇದ್ದಾರೆ, ಬಹುಶಃ ಬೇಕಾದ್ದಕ್ಕಿಂತ ಹೆಚ್ಚೇ ಇದ್ದಾರೆ.

ನಮ್ಮ ದಾದಾ ಬಟ್ಟೆ ವ್ಯಾಪಾರಿ. ಸಂತೆಯಿಂದ ಸಂತೆಗೆ ಗಂಟು ಹೊತ್ತು ತಿರುಗಿ ಕೊನೆಗಾಲದಲ್ಲಿ ಪೇಟೆ ಬೀದಿಯಲ್ಲೊಂದು ಸಣ್ಣ ಅಂಗಡಿ ಮಾಡಿದರು. ಅಂಗಡಿಯ ಒಳಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಹಾಲು ಮಾರುವ ಗೌಡತಿಯ ಮಗಳ ಮದುವೆ ಹಣ, ಗಾಡಿ ಹೊಡೆಯುವವನ ಎತ್ತಿನ ಹಣ, ಗಂಡನ ಕಣ್ಣು ತಪ್ಪಿಸಿ ಹೆಂಗಸರು ಕೂಡಿಟ್ಟ ನಾಲ್ಕು ಕಾಸು ಎಲ್ಲ ಅದರೊಳಗೆ ಸಣ್ಣ ಸಣ್ಣ ಗಂಟುಗಳಾಗಿ ಕೂತಿರುತ್ತಿದ್ದವು. ರಸೀದಿ ಇಲ್ಲ, ಬರವಣಿಗೆ ಇಲ್ಲ. ಬಟ್ಟೆಯ ಬಣ್ಣ ನೋಡಿ, ಗಂಟು ಹಾಕಿದ ರೀತಿ ನೋಡಿ ಇದು ಇಂಥವರದು ಎಂದು ತೆಗೆದುಕೊಡುತ್ತಿದ್ದರು. ಹಬ್ಬದ ಹಂಗಾಮಿನಲ್ಲಿ ಸರಕು ತರಲು ಕೈಯಲ್ಲಿ ಕಾಸಿಲ್ಲದೆ ಒದ್ದಾಡಿದಾಗಲೂ ಅವರು ಆ ಗಂಟುಗಳನ್ನು ಬಿಚ್ಚಿದವರಲ್ಲ. "ಬಿಚ್ಚಿದರೆ ಅದು ಅಮಾನತ್ ಆಗೋದಿಲ್ಲ, ಕರ್ಜ್ ಆಗುತ್ತೆ" ಎನ್ನುತ್ತಿದ್ದರಂತೆ. ಇಟ್ಟ ವಸ್ತುವನ್ನು ಬಳಸಿಕೊಂಡ ಕೂಡಲೇ ಅದು ಸಾಲವಾಗಿ ನಿಮ್ಮ ತಲೆಯ ಮೇಲೆ ಬರುತ್ತದೆ ಎಂಬ ಈ ಭೇದ ಶರೀಅತ್ತಿನ ಪುಸ್ತಕಗಳಲ್ಲಿದೆ. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದ ದಾದಾನಿಗೆ ಅದು ಹೇಗೋ ಗೊತ್ತಿತ್ತು. ಓದುಗರು ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ದಾದಾನನ್ನು ಜನ ನಂಬಿದ್ದು ಅವರು ದೊಡ್ಡ ಧರ್ಮಾತ್ಮರೆಂದಲ್ಲ. ಅವರು ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ಮನೆ, ಅಂಗಡಿ, ಮಸೀದಿ, ಕಬರಸ್ತಾನ ಎಲ್ಲವೂ ಅದೇ ಎರಡು ಫರ್ಲಾಂಗಿನೊಳಗೆ. ಒಬ್ಬಳ ಗಂಟು ನುಂಗಿದರೆ ಮರುದಿನ ಸಂತೆಯಲ್ಲಿ ಕೂರಲಾಗದು, ಮಕ್ಕಳಿಗೆ ಹೆಣ್ಣು ಹುಟ್ಟದು. ನಂಬಿಕೆ ಮುರಿದವನು ತೆರಬೇಕಾದ ಬೆಲೆ ಎಲ್ಲರ ಕಣ್ಣೆದುರಿಗೇ ಇತ್ತು.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಲು ನಾವು ತಯಾರಿಲ್ಲ. ಅದೇ ಬೀದಿಯಲ್ಲಿ ಸಾಹುಕಾರರು ಕೇರಿಯ ಕೂಲಿಗಳ ಹೆಬ್ಬೆಟ್ಟನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಂಡು ಆಮೇಲೆ ತಮಗೆ ಬೇಕಾದ ಅಂಕಿ ತುಂಬಿಕೊಳ್ಳುತ್ತಿದ್ದರು. ಆ ಕೂಲಿ ಕೂಡ ನಂಬಿಯೇ ಹೆಬ್ಬೆಟ್ಟು ಒತ್ತಿದವನು. ನಮ್ಮ ದಾದಾ ಕೂಡ ಕೇರಿಯವರಿಗೆ ಜಾಮೀನಿಲ್ಲದೆ ಒಂದು ಪಂಚೆ ಉದ್ದರಿ ಕೊಟ್ಟದ್ದನ್ನು ಕಂಡವರಿಲ್ಲ. ಹಳೆಯ ಕಾಲದ ನಂಬಿಕೆಗೆ ಬೇಲಿ ಇತ್ತು. ಬೇಲಿಯಾಚೆ ನಿಂತವರ ಮಾತಿಗೆ ಬೆಲೆ ಇರಲಿಲ್ಲ.

ಪರಿಚಯದ ಮುಖದಿಂದ ಪರಿಚಯವಿಲ್ಲದ ಮುಖಕ್ಕೆ ನಂಬಿಕೆಯನ್ನು ದಾಟಿಸುವ ಉಪಾಯವನ್ನು ನಮ್ಮ ವರ್ತಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಹುಂಡಿ ಎಂದರೆ ಇದೇ. ಒಂದು ಊರಿನ ವರ್ತಕ ಇನ್ನೊಂದು ಊರಿನ ವರ್ತಕನಿಗೆ, ಇಷ್ಟು ಹಣವನ್ನು ಇಂಥವರಿಗೆ ಕೊಡತಕ್ಕದ್ದು ಎಂದು ಬರೆದುಕೊಡುವ ಒಂದು ಚೀಟಿ. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ವಾಯಿದೆ ತುಂಬಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಶಾಹ್‌ಜೋಗ್ ಹುಂಡಿ ಎಂಬ ಇನ್ನೊಂದು ಬಗೆಯಿತ್ತು. ಅದನ್ನು ತಂದವರಿಗೆಲ್ಲ ಹಣ ಕೊಡುವಂತಿಲ್ಲ, ಪೇಟೆಯಲ್ಲಿ ಹೆಸರುಳ್ಳ ವರ್ತಕನೊಬ್ಬನ ಮೂಲಕವೇ ಬರಬೇಕು. ಮುಂದೆ ಮೋಸ ಬಯಲಾದರೆ ಆ ವರ್ತಕ ಹೊಣೆ. ಹುಂಡಿ ದಾರಿಯಲ್ಲಿ ಕಳೆದುಹೋದರೆ ಅದರ ಪ್ರತಿಯಾಗಿ ಪೇಠ್, ಪೇಠ್ ಕೂಡ ಕಳೆದರೆ ಪರ್‌ಪೇಠ್ ಬರೆದುಕೊಡುವ ಕ್ರಮವಿತ್ತು. ಸಾಗರದಾಚೆಯವರೆಗೂ ಸಾಗುತ್ತಿದ್ದ ಈ ಕಾಗದಗಳ ಹಿಂದೆ ಇದ್ದದ್ದು ಸೈನ್ಯವಲ್ಲ, ಬರೆದವನ ಹೆಸರು ಕೆಡುತ್ತದೆ ಎಂಬ ಭಯ. ಆದರೆ ಇದು ವರ್ತಕರ ಲೋಕದ ಮಾತು. ಹಾಲು ಮಾರುವ ಗೌಡತಿಗೆ ಹುಂಡಿ ಬರೆದುಕೊಡುವವರು ಯಾರು?

ಗೌಡತಿಯಂಥವರ ಕಡೆಗೆ ಬಾಗಿಲು ತೆರೆದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದರ ಅಡಿಯಲ್ಲಿ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಇತಿಹಾಸ ಬರೆಯುವವರು ಇಂದಿಗೂ ಆ ಹಳ್ಳಿಯ ಹೆಸರಿನಿಂದಲೇ ಶುರು ಮಾಡುತ್ತಾರೆ. ಆ ಕಾಯಿದೆಯ ಒಂದು ನಿಯಮ ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು. ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಹೊಲ ಮನೆಯ ಮಟ್ಟಿಗೂ ಉತ್ತರ ಹೇಳಬೇಕು. ಹಾಗಾಗಿ ಒಬ್ಬ ಸಾಲ ಕೇಳಿದರೆ ಉಳಿದವರೆಲ್ಲ ಅವನ ಬೆಳೆಯನ್ನೂ ಕುಡಿತವನ್ನೂ ನೋಡುತ್ತಿದ್ದರು. ಕಡತಕ್ಕೆ ಬಂದ ಮೇಲೂ ನಂಬಿಕೆ ಹಳ್ಳಿಯ ಕಣ್ಣುಗಳನ್ನು ಕಳೆದುಕೊಂಡಿರಲಿಲ್ಲ.

ಕಣಗಿನಹಾಳ ಮುಂಬಯಿ ಪ್ರಾಂತ್ಯದಲ್ಲಿದ್ದರೆ ಉಡುಪಿ ಮಂಗಳೂರುಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. 1906ರಲ್ಲಿ ಆ ಪ್ರಾಂತ್ಯದಲ್ಲಿ ನಡೆದದ್ದನ್ನು ನೋಡಿ. ಮದರಾಸಿನಲ್ಲಿ ಆರ್ಬತ್‌ನಾಟ್ ಎಂಬ ಇಂಗ್ಲಿಷರ ವ್ಯಾಪಾರ ಸಂಸ್ಥೆಯಿತ್ತು. ಸರ್ ಪದವಿಯ ದೊರೆ, ಅರಮನೆಯಂಥ ಕಟ್ಟಡ. ಪ್ರಾಂತ್ಯದ ನೌಕರರು, ವಕೀಲರು, ವಿಧವೆಯರು, ದೇವಸ್ಥಾನಗಳು ಅಲ್ಲಿ ಹಣ ಇಟ್ಟಿದ್ದವು. ಬಿಳಿಯರ ಕಂಪನಿ ಎಂಬುದೇ ಖಾತರಿ. ಅಕ್ಟೋಬರ್ 22ರಂದು ಅದು ಬಾಗಿಲು ಹಾಕಿತು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಸರ್ ಜಾರ್ಜ್ ಆರ್ಬತ್‌ನಾಟ್ ವಿಚಾರಣೆ ಎದುರಿಸಿ 18 ತಿಂಗಳ ಕಠಿಣ ಸಜೆ ಅನುಭವಿಸಬೇಕಾಯಿತು. ಬಿಳಿಯ ದೊರೆಯೊಬ್ಬ ಕರಿಯರ ಹಣಕ್ಕಾಗಿ ಜೈಲಿಗೆ ಹೋದದ್ದು ಆ ಕಾಲಕ್ಕೆ ಸಣ್ಣ ಸುದ್ದಿಯಲ್ಲ. ಆ ಪೆಟ್ಟಿನಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಮರುವರ್ಷ ಇಂಡಿಯನ್ ಬ್ಯಾಂಕನ್ನು ಕಟ್ಟಿದರು.

ಆರ್ಬತ್‌ನಾಟ್ ಮುಳುಗುವ ಏಳು ತಿಂಗಳ ಮೊದಲು, ಮಾರ್ಚ್ 12ರಂದು, ಉಡುಪಿಯಲ್ಲಿ ಸದ್ದಿಲ್ಲದೆ ಒಂದು ಕೆಲಸ ನಡೆದಿತ್ತು. ವ್ಯಾಪಾರಿ ಮನೆತನದ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಶುರುವಾಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಇದ್ದ ಸಂಪನ್ಮೂಲ 38 ರೂಪಾಯಿ 13 ಆಣೆ 2 ಪೈ. ಈ ಎರಡು ಪೈಗಳನ್ನು ನಾವು ಬಹಳ ಇಷ್ಟಪಡುತ್ತೇವೆ. ಕೋಟಿಗಳ ಲೆಕ್ಕದಲ್ಲಿ ಕಾಣೆಯಾಗುವ ಎರಡು ಪೈಯನ್ನು ಬರೆದಿಟ್ಟವರು ಅದನ್ನು ತಂದವನ ಮುಖವನ್ನೂ ನೋಡಿದ್ದರು ಎಂದೇ ನಮಗೆ ಅನಿಸುತ್ತದೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲೂ ಉಳಿತಾಯದ, ಸಹಕಾರದ ಅಭ್ಯಾಸ ಬೆಳೆಸುವುದು ತಮ್ಮ ಉದ್ದೇಶವೆಂದು ಸ್ಥಾಪಕರು ಆರಂಭದಲ್ಲೇ ಸಾರಿದ್ದರು. ಅದನ್ನು ಸ್ವದೇಶಿ ಕಾರ್ಯವೆಂದೂ ಕರೆದಿದ್ದರು. ವಂಗಭಂಗದ ಚಳವಳಿಯ ಬಿಸಿ ದೇಶದಲ್ಲಿ ಹಬ್ಬುತ್ತಿದ್ದ ದಿನಗಳವು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಅದಕ್ಕೂ ಮೊದಲೇ, 1891ರಲ್ಲಿ ಕೆನರಾ ಹೈಸ್ಕೂಲನ್ನೂ ಆಮೇಲೆ ಹೆಣ್ಣುಮಕ್ಕಳ ಶಾಲೆಯನ್ನೂ ಕಟ್ಟಿದವರು ಅವರು. ಅವರ ಫಂಡು 1910ರಲ್ಲಿ ಕೆನರಾ ಬ್ಯಾಂಕ್ ಎಂಬ ಹೆಸರು ಪಡೆಯಿತು. ಒಂದೇ ಜಿಲ್ಲೆ, ಒಂದೇ ವರ್ಷ. ಒಬ್ಬ ಹಾಜಿ, ಒಬ್ಬ ಪೈ. ದೊರೆಯ ಅರಮನೆ ಕುಸಿದ ವರ್ಷದಲ್ಲೇ ಹುಟ್ಟಿದ ಈ ಎರಡೂ ಪುಟ್ಟ ಸಂಸ್ಥೆಗಳು ಕುಸಿಯಲಿಲ್ಲ. 1913ರಿಂದ ಮುಂದಿನ ಕೆಲವು ವರ್ಷಗಳಲ್ಲಿ ದೇಶದಲ್ಲಿ ಹತ್ತಾರು ಬ್ಯಾಂಕುಗಳು ಮಗುಚಿದಾಗಲೂ ನಿಂತವು.

ಹಾಜಿಯವರು ಬಡ್ಡಿಯ ಬ್ಯಾಂಕು ಯಾಕೆ ಕಟ್ಟಿದರು ಎಂದು ಕೆಲವು ಓದುಗರು ಕೇಳಬಹುದು. ನಾವು ಫತ್ವಾ ಕೊಡುವವರಲ್ಲ, ಕಥೆ ಬರೆಯುವವರು. ನಮಗೆ ಮುಖ್ಯವೆನಿಸುವುದು ಇಷ್ಟು: ಆ ಬ್ಯಾಂಕಿನಲ್ಲಿ ಹಣ ಇಟ್ಟವರು ಅವರ ಗಡ್ಡ ನೋಡಿ ಇಟ್ಟವರಲ್ಲ, ಗಡ್ಡ ನೋಡಿ ದೂರ ಸರಿದವರೂ ಅಲ್ಲ. ಅವರ ವ್ಯಾಪಾರ ನೋಡಿದ್ದರು, ಕೊಡುಗೈ ನೋಡಿದ್ದರು. ಅವರು ದಾನ ಕೊಟ್ಟ ಜಾಗದಲ್ಲಿಯೇ ಉಡುಪಿಯ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ಬೆಳೆಯಿತು. ಅವರು 1935ರಲ್ಲಿ ತೀರಿಕೊಂಡರು. ಬ್ಯಾಂಕು ಅವರ ನಂತರವೂ ಉಳಿಯಿತು. ದಾದಾನ ಪೆಟ್ಟಿಗೆ ದಾದಾನ ಜೊತೆಗೇ ಮುಗಿದುಹೋಯಿತು. ಹಾಜಿಯವರ ಪೆಟ್ಟಿಗೆ ಹಾಜಿಯವರು ಹೋದ ಮೇಲೂ ತೆರೆದೇ ಇತ್ತು. ಸಂಸ್ಥೆಯೆಂದರೆ ಅದೇ ತಾನೆ?

ಉಡುಪಿಯಲ್ಲೇ 1925ರಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಶುರು ಮಾಡಿದ ಪಿಗ್ಮಿ ಠೇವಣಿ ನಮ್ಮ ನಾಡಿನ ಬಡವರ ಬದುಕಿನಲ್ಲಿ ಮಾಡಿದ ಕೆಲಸವನ್ನು ಯಾರಾದರೂ ಒಂದು ಕಾದಂಬರಿಯಾಗಿಯೇ ಬರೆಯಬೇಕು. ದಿನಕ್ಕೆ ಎರಡಾಣೆ ಇದ್ದರೆ ಸಾಕು. ನೀವು ಬ್ಯಾಂಕಿಗೆ ಹೋಗಬೇಕಿಲ್ಲ, ಬ್ಯಾಂಕೇ ನಿಮ್ಮ ಬಾಗಿಲಿಗೆ ಬರುತ್ತದೆ.

ಪಿಗ್ಮಿ ಏಜೆಂಟರು ನಮ್ಮ ಮೊಹಲ್ಲಾಕ್ಕೂ ಬರುತ್ತಿದ್ದರು. ನಾವು ಹುಡುಗರಾಗಿದ್ದಾಗ ಬರುತ್ತಿದ್ದವರು ಒಬ್ಬ ಭಟ್ಟರು. ಕಂಕುಳಲ್ಲಿ ಛತ್ರಿ, ಕೈಯಲ್ಲಿ ರೆಕ್ಸಿನ್ ಚೀಲ. ಬೀಡಿ ಕಟ್ಟುವ ಹೆಂಗಸರು ಪರದೆಯ ಹಿಂದಿನಿಂದ ಕೈ ಮಾತ್ರ ಚಾಚಿ ದುಡ್ಡು ಕೊಡುವರು, ಅವರು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಹಿಂದಿರುಗಿಸುವರು. "ಬೀಬಿಯವರೇ, ನಿನ್ನೇದು ಬಾಕಿ ಇದೆ" ಎಂದರೆ ಒಳಗಿನಿಂದ "ನಾಳೆ ಎರಡೂ ಸೇರಿಸಿ ಕೊಡ್ತೀನಿ ಭಟ್ರೇ, ಮಗೂಗೆ ಜ್ವರ" ಎಂಬ ಉತ್ತರ. ಆ ಹೆಂಗಸರ ಮುಖವನ್ನು ಭಟ್ಟರು ನೋಡಿದವರಲ್ಲ. ಆದರೆ ಯಾರ ಮನೆಯಲ್ಲಿ ಯಾವ ಮಗುವಿಗೆ ಜ್ವರ ಎಂದು ಅವರಿಗೆ ಗೊತ್ತಿರುತ್ತಿತ್ತು. ದಿನಾ ಬರುವ ಈ ಮನುಷ್ಯ ಮತ್ತು ಅವನ ಹಿಂದಿರುವ ಕಟ್ಟಡ, ಎರಡನ್ನೂ ಜನ ಒಟ್ಟಿಗೆ ನಂಬಿದರು. ಮನುಷ್ಯನೊಬ್ಬನೇ ಆಗಿದ್ದರೆ ಓಡಿಹೋಗಬಹುದಿತ್ತು. ಕಟ್ಟಡವೊಂದೇ ಆಗಿದ್ದರೆ ಪರದೆಯ ಹಿಂದಿನ ಕೈ ಅಲ್ಲಿಯವರೆಗೆ ಚಾಚುತ್ತಿರಲಿಲ್ಲ.

ಕಟ್ಟಡಗಳೂ ಬೀಳುತ್ತವೆ ಎಂಬುದು 1960ರ ಆಗಸ್ಟಿನಲ್ಲಿ ಮತ್ತೊಮ್ಮೆ ಗೊತ್ತಾಯಿತು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಹೈಕೋರ್ಟು ಮುಚ್ಚಿಸಿತು. ಅಲ್ಲಿಯ ಸಣ್ಣ ಠೇವಣಿದಾರರ ಗೋಳು ದೆಹಲಿಯ ಸಂಸತ್ತಿಗೆ ಮುಟ್ಟಿತು. 1962ರಿಂದ ಠೇವಣಿಗಳಿಗೆ ವಿಮೆ ಬಂತು. ಒಬ್ಬರಿಗೆ 1,500 ರೂಪಾಯಿಯವರೆಗೆ ಖಾತರಿ. 1993ರಲ್ಲಿ ಅದು ಒಂದು ಲಕ್ಷವಾಯಿತು, 2020ರಲ್ಲಿ ಐದು ಲಕ್ಷವಾಯಿತು. ನಡುವೆ 1969ರಲ್ಲಿ ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅಷ್ಟರಲ್ಲಿ ಹೆಸರು ಬದಲಿಸಿಕೊಂಡು ಕಾರ್ಪೊರೇಷನ್ ಬ್ಯಾಂಕ್ ಆಗಿದ್ದ ಹಾಜಿಯವರ ಬ್ಯಾಂಕಿಗೆ 1980ರಲ್ಲಿ ಆ ಸರದಿ ಬಂತು.

ಈಗ ದಾದಾ ಹೇಳಿದ ಭೇದವನ್ನು ನೆನೆಯಬೇಕು. ನಾವು ಬ್ಯಾಂಕಿನಲ್ಲಿ 'ಇಡುವ' ಹಣ ಕಾನೂನಿನ ದೃಷ್ಟಿಯಲ್ಲಿ ಅಮಾನತ್ ಅಲ್ಲ, ಬ್ಯಾಂಕಿಗೆ ನಾವು ಕೊಟ್ಟ ಸಾಲ. ಗಂಟನ್ನು ಬಿಚ್ಚುವ ಹಕ್ಕನ್ನು ಬ್ಯಾಂಕಿಗೆ ಕೊಟ್ಟಿರುತ್ತೇವೆ. ಬಿಚ್ಚಿದ ಹಣ ಎಲ್ಲಿ ಹೋಗುತ್ತದೆ ಎಂದು ನೋಡುವ ಕಣ್ಣುಗಳು ಕಣಗಿನಹಾಳದಲ್ಲಿ ಪಕ್ಕದ ಮನೆಯವರವು. ಈಗ ಆ ಕೆಲಸ ರಿಸರ್ವ್ ಬ್ಯಾಂಕಿನ ತಪಾಸಣಾಧಿಕಾರಿಗಳದು. ಜನ ಮಾತ್ರ ಇವತ್ತಿಗೂ ಗಂಟು ಹಾಗೆಯೇ ಪೆಟ್ಟಿಗೆಯಲ್ಲಿದೆ ಎಂದುಕೊಂಡಿರುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಜನ ಬ್ಯಾಂಕನ್ನು ನಂಬಿದರು, ಸರಿ. ಬ್ಯಾಂಕು ಜನರನ್ನು ನಂಬಿತೇ? 2006ರಲ್ಲಿ ಹೊರಬಂದ ಸಾಚಾರ್ ಸಮಿತಿಯ ವರದಿ ಒಂದು ಸಂಗತಿಯನ್ನು ದಾಖಲಿಸಿತು. ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ನೆಗೆಟಿವ್' ವಲಯಗಳೆಂದು ಗುರುತಿಸಿ ಅಲ್ಲಿಯವರಿಗೆ ಸಾಲ ಸೌಲಭ್ಯ ಸುಲಭವಾಗಿ ಕೊಡುತ್ತಿರಲಿಲ್ಲ. ನಮಗೆ ಇದನ್ನು ತಿಳಿಯಲು ವರದಿ ಓದಬೇಕಿರಲಿಲ್ಲ. ಮನೆ ಕಟ್ಟಲು ಸಾಲ ಕೇಳಿ ನಾವು ಒಂದು ಬ್ಯಾಂಕಿಗೆ ಹೋಗಿದ್ದೆವು. ಸಂಬಳದ ಚೀಟಿ, ಜಾಗದ ಪತ್ರ ಎಲ್ಲ ಸರಿಯಿತ್ತು. ಮ್ಯಾನೇಜರು ಒಳ್ಳೆಯ ಮನುಷ್ಯ, ನಮ್ಮ ಕಥೆಗಳನ್ನೂ ಓದಿದ್ದವರು. ವಿಳಾಸ ನೋಡಿ ಪೆನ್ನು ಕೆಳಗಿಟ್ಟರು. "ಏನ್ ಮಾಡೋದು ಸಾರ್, ನಿಮ್ಮನ್ನ ನಂಬ್ತೀನಿ, ಆ ಏರಿಯಾನ ಮೇಲಿನವರು ನಂಬಲ್ಲ" ಎಂದು ಕಾಫಿ ತರಿಸಿ ಕುಡಿಸಿ ಕಳಿಸಿದರು. ಕಾಫಿ ಚೆನ್ನಾಗಿತ್ತು.

ನಮ್ಮನ್ನು ನಂಬದ ಕಟ್ಟಡದ ಎದುರಿಗೆ 'ನಾವು ನಿಮ್ಮವರು' ಎನ್ನುವ ಇನ್ನೊಂದು ಕಟ್ಟಡ ಎದ್ದಾಗ ಜನ ಎಲ್ಲಿಗೆ ಹೋಗುತ್ತಾರೆ? ಬೆಂಗಳೂರಿನ ಶಿವಾಜಿನಗರದ ಐಎಂಎ ಪ್ರಕರಣವನ್ನು ನಾವು ಈ ದಾರಿಯಿಂದಲೇ ನೋಡಬಯಸುತ್ತೇವೆ. 2006ರಲ್ಲಿ ಶುರುವಾದ ಸಂಸ್ಥೆ ಅದು. ಬಡ್ಡಿಯಲ್ಲ, ಹಲಾಲ್ ವ್ಯಾಪಾರದ ಲಾಭದಲ್ಲಿ ಪಾಲು ಎಂದು ಹೇಳಿತು. ಬೇರೆ ಯಾರೂ ಕೊಡಲಾಗದಷ್ಟು ಪಾಲನ್ನು ತಿಂಗಳು ತಿಂಗಳು ಕೊಡುತ್ತಲೂ ಬಂತು. 2019ರ ಜೂನಿನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದ ಸುದ್ದಿಯೊಂದಿಗೆ ಒಂದು ಧ್ವನಿಮುದ್ರಿಕೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಮುಚ್ಚಿದ ಬಾಗಿಲ ಮುಂದೆ ಬುರ್ಖಾ ತೊಟ್ಟ ಹೆಂಗಸರು ಸರದಿಯಲ್ಲಿ ನಿಂತು ಪೊಲೀಸರಿಗೆ ದೂರು ಬರೆದುಕೊಟ್ಟ ಚಿತ್ರಗಳನ್ನು ಓದುಗರು ಮರೆತಿರಲಾರರು. ಹೂಡಿಕೆದಾರರು ಹತ್ತಾರು ಸಾವಿರ ಮಂದಿ. ಮೊತ್ತ ಸುಮಾರು 4,000 ಕೋಟಿ ಎಂದು ತನಿಖಾ ಸಂಸ್ಥೆಗಳು ಹೇಳಿದವು. ಜುಲೈನಲ್ಲಿ ಆತ ದೆಹಲಿಗೆ ಮರಳಿ ಬಂಧನಕ್ಕೊಳಗಾದ. ತನಿಖೆ ಸಿಬಿಐಗೆ ಹೋಯಿತು. ಅದು ಬ್ಯಾಂಕಲ್ಲವಾದ್ದರಿಂದ 1962ರ ವಿಮೆ ಅಲ್ಲಿ ನೆರವಿಗೆ ಬರುವಂತಿರಲಿಲ್ಲ.

ನಮ್ಮ ಖಾಲಾ ಒಬ್ಬರು ಇಂಥದ್ದೇ ಇನ್ನೊಂದು ಕಂಪನಿಯಲ್ಲಿ, ಹೆಸರು ಬೇಡ, ತಮ್ಮ ನಾಲ್ಕು ಬಳೆ ಮಾರಿದ ಹಣ ಹಾಕಿದ್ದರು. ಅವರು ಹಾಕುವ ಮೊದಲು ನಾವು ಬೇಡವೆಂದಿದ್ದೆವು. ಅವರ ಉತ್ತರ ಇವತ್ತಿಗೂ ನಮ್ಮ ಕಿವಿಯಲ್ಲಿದೆ: "ಅಪ್‌ನೇಚ್ ಲೋಗಾಂ ಹೈಂ ನಾ ಬೇಟಾ!" ನಮ್ಮವರೇ ಅಲ್ಲವೇನೋ ಮಗನೇ, ಎಂದು. ಅಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸಲಾಂ ಹೇಳಿ, ತಣ್ಣನೆಯ ನೀರು ಕೊಟ್ಟು, ಉರ್ದುವಿನಲ್ಲಿ ಮಾತಾಡಿಸಿದ್ದರು. ಬ್ಯಾಂಕಿನಲ್ಲಿ ಅದೇ ಖಾಲಾ ಚಲನ್ ತುಂಬಲಾಗದೆ ಕೌಂಟರಿನಿಂದ ಕೌಂಟರಿಗೆ ಅಲೆದು, ಬೈಸಿಕೊಂಡು ಬಂದಿದ್ದರು. ಹಣ ಮುಳುಗಿದ ಮೇಲೆ ಅವರು ದೂರು ಕೊಡಲು ಹೋಗಲಿಲ್ಲ. ಕೇಳಿದರೆ, "ನಮ್ಮವರ ಮಾನ ಪೇಪರಿನಲ್ಲಿ ಹರಾಜಾಗ್ತಿದೆ, ನಾನೂ ಹೋಗಿ ನಿಲ್ಲಲಾ?" ಎಂದರು. ಮೋಸ ಮಾಡಿದವನಿಗಿಲ್ಲದ ಲಜ್ಜೆ ಮೋಸ ಹೋದವರಿಗೆ.

ಇಲ್ಲಿ ಮುರಿದದ್ದು ಏನು? ಖಾಲಾ ನಂಬಿದ್ದು ದಾದಾನ ಕಾಲದವರು ನಂಬಿದ ಹಾಗೆಯೇ, ಮುಖ ನೋಡಿ, ಮಾತು ಕೇಳಿ. ಆದರೆ ದಾದಾ ಎರಡು ಫರ್ಲಾಂಗಿನೊಳಗೆ ಕಟ್ಟಿಬಿದ್ದಿದ್ದರು. ಈ ಮುಖಕ್ಕೆ ವಿಮಾನದ ಟಿಕೆಟ್ ಇತ್ತು. ಊರಿನ ಕಟ್ಟಿಲ್ಲದ, ಕಾನೂನಿನ ಕಟ್ಟೂ ಇಲ್ಲದ ಒಂದು ಪರಿಚಿತ ಮುಖ. ನೋಡುವವರು ಯಾರೂ ಇರಲಿಲ್ಲ. ನೋಡಬೇಕಾದ ಅಧಿಕಾರಿಗಳಲ್ಲಿ ಕೆಲವರ ಮೇಲೆಯೇ ತನಿಖೆ ನಡೆಯಿತು.

ಇದು ಮುಸಲ್ಮಾನರ ಮೌಢ್ಯವೆಂದು ಆಗ ಟಿವಿಯಲ್ಲಿ ತೀರ್ಪು ಕೊಟ್ಟವರಿದ್ದರು. ಕೆಲವೇ ತಿಂಗಳುಗಳಲ್ಲಿ, 2020ರ ಜನವರಿಯಲ್ಲಿ, ಅದೇ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಅಲ್ಲಿ ನಿಂತವರು ಪಂಚೆಯುಟ್ಟ ನಿವೃತ್ತ ನೌಕರರು, ಮಡಿಸೀರೆಯ ಅಜ್ಜಿಯಂದಿರು. ಗುರುಗಳ ಹೆಸರಿದೆ, ನಮ್ಮವರೇ ನಡೆಸುತ್ತಾರೆ ಎಂದು ಪಿಂಚಣಿಯ ಇಡುಗಂಟು ತಂದಿಟ್ಟವರು. ಆ ಸರದಿಯ ಫೋಟೋವನ್ನು ಶಿವಾಜಿನಗರದ ಸರದಿಯ ಫೋಟೋದ ಪಕ್ಕದಲ್ಲಿಟ್ಟು ನಾವು ಬಹಳ ಹೊತ್ತು ನೋಡಿದೆವು. ಬಟ್ಟೆ ಬೇರೆ, ನಿಂತ ಭಂಗಿ ಒಂದೇ. ಓದಿದವರು, ಸಾಲು ಸಾಲು ಬ್ಯಾಂಕುಗಳಿರುವ ಬಡಾವಣೆಯಲ್ಲಿದ್ದವರು ಕೂಡ ಕೊನೆಗೆ ಹುಡುಕಿದ್ದು 'ನಮ್ಮವರ' ಮುಖವನ್ನೇ.

ಯಾಕೆ ಹುಡುಕಿದರು? ದೊಡ್ಡ ಸಂಸ್ಥೆಗಳಿಗೆ ಮುಖವೇ ಇಲ್ಲದಂತಾದದ್ದು ಒಂದು ಕಾರಣ ಎನಿಸುತ್ತದೆ. ರಿಸರ್ವ್ ಬ್ಯಾಂಕಿನ ಪ್ರತಿ ನೋಟಿನ ಮೇಲೆ ಗವರ್ನರರ ವಚನವಿದೆ, ಹಿಂಬದಿಯಲ್ಲಿ ಕನ್ನಡವೂ ಉರ್ದುವೂ ಸೇರಿ 15 ಭಾಷೆಗಳಲ್ಲಿ ಮೌಲ್ಯ ಬರೆದಿದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟುಗಳು ನಡೆಯುವುದಿಲ್ಲವೆಂದು ಸಾರಿದಾಗ ನಮ್ಮ ನಾನಿ ಅಕ್ಕಿ ಡಬ್ಬಿಯ ತಳದಿಂದ ಎಂಟು ನೋಟು ತೆಗೆದು ನಮ್ಮ ಮುಂದಿಟ್ಟು, "ಇದರಲ್ಲಿ ಏನು ಬರೆದಿದೆ ಓದು" ಎಂದರು. ಓದಿದೆವು. "ಹಾಗಾದ್ರೆ ಮಾತು ತಪ್ಪಿದವನು ಯಾರು?" ಎಂದರು. ಬ್ಯಾಂಕಿಗೆ ಹೋಗಿ ಬದಲಿಸಬಹುದು ಎಂದು ಸಮಾಧಾನ ಹೇಳಿದೆವು. ಬದಲಿಸಿಯೂ ಕೊಟ್ಟೆವು, ಎರಡು ದಿನ ಸರದಿಯಲ್ಲಿ ನಿಂತು. ಹಣ ಹೋಗಲಿಲ್ಲ. ಆದರೆ ಹೊಸ ನೋಟನ್ನು ಅವರು ಬಹಳ ದಿನ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಮುಂದಿನ ನಾಲ್ಕು ವರ್ಷಗಳಲ್ಲಿ ಈ ನಾಡಿನ ಜನ ಹೆಸರು ಹಿಡಿದು ಕರೆಯುತ್ತಿದ್ದ ಬ್ಯಾಂಕುಗಳು ಒಂದೊಂದಾಗಿ ಮರೆಯಾದವು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಮಂಗಳೂರಿನಲ್ಲಿ 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಸೇರಿದವು. ಲಾಕ್‌ಡೌನಿನ ದಿನಗಳು. ಬೀದಿಯಲ್ಲಿ ಜನವಿರಲಿಲ್ಲ. ಹಾಜಿ ಅಬ್ದುಲ್ಲಾರ ಬ್ಯಾಂಕಿನ ಹೆಸರು 114 ವರ್ಷಗಳ ನಂತರ ಹೀಗೆ ಅಳಿಯಿತು. ದೊಡ್ಡದಾಗುವುದರಿಂದ ಬ್ಯಾಂಕುಗಳು ಗಟ್ಟಿಯಾಗುತ್ತವೆ ಎಂದು ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ, ನಿಜವಿರಬಹುದು. ನಮ್ಮೂರಿನ ಶಾಖೆಯ ಮ್ಯಾನೇಜರು ಈಗ ಕನ್ನಡವೂ ಉರ್ದುವೂ ಬಾರದ ದೂರದ ರಾಜ್ಯದ ಹುಡುಗ. ಪಾಪ, ಅವನಿಗೂ ಊರು ಹೊಸದು. ಮೂರು ವರ್ಷಕ್ಕೆ ವರ್ಗವಾಗುತ್ತದೆ. ಯಾವ ಮನೆಯಲ್ಲಿ ಯಾವ ಮಗುವಿಗೆ ಜ್ವರ ಎಂದು ಅವನಿಗೆ ತಿಳಿಯುವುದು ಹೇಗೆ?

ಉಡುಪಿಯಲ್ಲಿ ಹಾಜಿಯವರ ಮನೆಯನ್ನು ಬ್ಯಾಂಕಿನವರು ನಾಣ್ಯಗಳ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಾವು ಅಲ್ಲಿ ಗಾಜಿನೊಳಗಿನ ಹಳೆಯ ಕಾಸುಗಳನ್ನು ನೋಡುತ್ತ ಆ ಮೊದಲ ದಿನದ ಎರಡು ಪೈಗಳನ್ನು ತಂದವರು ಯಾರಿರಬಹುದೆಂದು ಯೋಚಿಸುತ್ತ ನಿಂತಿದ್ದೆವು. ಮೀನು ಮಾರುವವಳೇ, ರಥಬೀದಿಯ ಹೂವಾಡಗಿತ್ತಿಯೇ, ಶಾಲೆಯ ಹುಡುಗನೇ?

ನಮ್ಮ ಮೊಹಲ್ಲಾದ ಹೆಂಗಸರ ಚೀಟಿ 2019ರ ಗಲಾಟೆಯ ಮೇಲೆ ನಿಂತುಹೋಗಿತ್ತು. ಹನ್ನೆರಡು ಮಂದಿ, ತಿಂಗಳಿಗೆ ಐನೂರು, ಲಾಟರಿ ಎತ್ತಿ ಒಬ್ಬರಿಗೆ ಪೂರ್ತಿ ಹಣ, ಅಷ್ಟೇ ಅದರ ನಿಯಮ. ಬಡ್ಡಿಯೂ ಇಲ್ಲ, ಕಮಿಷನ್ನೂ ಇಲ್ಲ. ಕೆಲವು ತಿಂಗಳ ಮೇಲೆ ಬಳೆ ಕಳೆದುಕೊಂಡ ಖಾಲಾ ಅವರೇ ಅದನ್ನು ಮತ್ತೆ ಶುರು ಮಾಡಿಸಿದರು. ಆದರೆ ಈ ಸಲ ಬಾಯಿಲೆಕ್ಕ ಬೇಡವೆಂದರು. ನಮ್ಮ ಮಗಳ ಹಳೆಯ ನೋಟ್‌ಬುಕ್ಕು ತರಿಸಿ, ಗೆರೆ ಹಾಕಿಸಿ, ಹನ್ನೆರಡು ಹೆಸರು ಬರೆಸಿದರು. ಪ್ರತಿಯೊಬ್ಬರೂ ಕೊಟ್ಟ ಕೂಡಲೇ ಸಹಿ ಹಾಕಬೇಕು, ಬಾರದವರು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವ ಮೊದಲು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹಣ ಮಾತ್ರ ಯಾರ ಮನೆಯಲ್ಲಿ ಇಡಬೇಕೆಂಬ ಬಗ್ಗೆ ಆ ದಿನ ಸಂಜೆಯವರೆಗೂ ಜಗಳ ನಡೆಯಿತು.